ಒಂದೇ ತಾರೀಖಿನ ಎರಡು ಫ್ಲೆಕ್ಸು

ಜೀವಂತ ಮನುಷ್ಯರೊಬ್ಬರ ಫೋಟೋದ ಎರಡೂ ಬದಿಗೆ ದೀಪ ಹಚ್ಚಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಅವರದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ತೂಗುಹಾಕಿಸಿದವನು ನಾನು. ಅದೇ ದಿನ, ಅದೇ ಕೈಯಿಂದ, ತೀರಿಹೋಗಿ ವರ್ಷ ತುಂಬಿದ್ದ ಇನ್ನೊಬ್ಬರಿಗೆ ಐದಂತಸ್ತಿನ ಕೇಕು, ಬಣ್ಣಬಣ್ಣದ ಬಲೂನು ಕೊಟ್ಟು ‘ನೂರ್ಕಾಲ ಬಾಳಿ’ ಎಂದು ಹರಸಿದವನೂ ನಾನೇ. ಇಬ್ಬರ ಮೇಲೂ ನನಗೆ ದ್ವೇಷವಿರಲಿಲ್ಲ. ಕುಡಿದಿರಲಿಲ್ಲ, ಜ್ವರ ಬಂದಿರಲಿಲ್ಲ. ಬಾಯಿ ನಡೆದಿತ್ತು, ಅಷ್ಟೇ. ನನ್ನ ಬಾಯಿ ನಡೆಯುವಾಗ ಕೈ ಏನು ಮಾಡುತ್ತಿದೆ ಎಂಬುದು ನನಗೆ ತಿಳಿಯುವುದಿಲ್ಲ. ಇದು ಹುಟ್ಟಿನಿಂದ ಬಂದದ್ದು ಎನ್ನುತ್ತಾಳೆ ನಮ್ಮವ್ವ. ತೊಟ್ಟಿಲಲ್ಲಿ ಅಳುವಾಗಲೂ ನಾನು ಪಕ್ಕದ ಮನೆಯ ಕೂಸಿನ ಧಾಟಿಯಲ್ಲಿ ಅಳುತ್ತಿದ್ದೆನಂತೆ.

ತಾರೀಖು ಯಾವುದೆಂದು ಮಾತ್ರ ಕೇಳಬೇಡಿ. ಓದುತ್ತಿರುವ ನಿಮ್ಮಲ್ಲಿ ಯಾರಾದರೊಬ್ಬರು ಆ ದಿನ ಹುಟ್ಟಿದವರು ಇದ್ದೇ ಇರುತ್ತೀರಿ. ಮುಂದಿನ ವರ್ಷ ಕೇಕು ಕತ್ತರಿಸುವಾಗ ನನ್ನ ನೆನಪಾಗಿ ನಿಮ್ಮ ಕೈ ನಡುಗುವುದು ಬೇಡ.

ಮರೆತಿದ್ದ ಸಂಗತಿಯನ್ನು ಕೆದಕಿದ್ದು ಶೇಂಗಾ. ಮೊನ್ನೆ ಸಂಜೆ ಸೊಲ್ಲಾಪುರ ರಸ್ತೆಯ ಗಾಡಿಯವನು ಒಂದು ಹಿಡಿ ಹುರಿದ ಶೇಂಗಾವನ್ನು ಪೊಟ್ಟಣ ಕಟ್ಟಿ ಕೊಟ್ಟ. ತಿಂದು ಮುಗಿಸಿ, ಉಪ್ಪಿನ ಪುಡಿಯನ್ನೂ ಬಿಡದೆ ಬೆರಳಿಗೆ ಹತ್ತಿಸಿಕೊಳ್ಳಲು ಕಾಗದ ಬಿಚ್ಚಿದೆ. ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆ ಅದು. ನಡುವೆ ಕೆಂಪು ಅಂಕಿ, ಮೇಲೆ ತಿಥಿ, ನಕ್ಷತ್ರ, ರಾಹುಕಾಲ. ತೀರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ದಿನವಿಶೇಷ’. ಒಬ್ಬ ರಾಜ ಪಟ್ಟಕ್ಕೆ ಬಂದದ್ದು, ಒಂದು ಹಡಗು ಮುಳುಗಿದ್ದು, ಒಬ್ಬ ವಿಜ್ಞಾನಿ ತೀರಿದ್ದು, ಒಬ್ಬ ನಟಿ ಹುಟ್ಟಿದ್ದು, ಎಲ್ಲ ಒಂದೇ ಸಾಲಿನಲ್ಲಿ. ಅಲ್ಪವಿರಾಮ ಹಾಕಿ ಹಾಕಿ ಹುಟ್ಟು ಸಾವುಗಳನ್ನು ಒಂದೇ ಬೆಂಚಿನ ಮೇಲೆ ಒತ್ತಿ ಕೂರಿಸುವ ಧೈರ್ಯ ಕ್ಯಾಲೆಂಡರ್ ಮಾಡುವವರಿಗೆ ಮಾತ್ರ ಇರುತ್ತದೆ. ಆ ಧೈರ್ಯವನ್ನು ನಾನೂ ಒಮ್ಮೆ ತೋರಿಸಿದ್ದೆನಲ್ಲ ಎಂದು ನೆನಪಾಗಿ ಬೆರಳಿನ ಉಪ್ಪು ನೆಕ್ಕುವುದನ್ನೇ ಮರೆತೆ.

ತೊರವಿಯ ನಮ್ಮ ಮನೆಯಲ್ಲಿ ಅಂಥದೇ ಕ್ಯಾಲೆಂಡರು ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ಬೆಳಿಗ್ಗೆ ಎದ್ದು ಹಾಳೆ ಹರಿಯುವುದು ಅಪ್ಪನ ಹಕ್ಕು. ಹರಿದ ಹಾಳೆ ನನ್ನ ಹಕ್ಕು. ಉಳಿದ ಹುಡುಗರು ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದರೆ ನಾನು ನಿನ್ನೆಗಳನ್ನು ಕೂಡಿಡುತ್ತಿದ್ದೆ. ಜಗತ್ತಿನಲ್ಲಿ ದೊಡ್ಡವನಾಗುವುದೆಂದರೆ ಆ ಇರುವೆ ಸಾಲಿನಲ್ಲಿ ಒಂದು ಜಾಗ ಹಿಡಿಯುವುದು ಎಂದು ನಂಬಿದ್ದೆ. ನಾನು ಹುಟ್ಟಿದ ದಿನದ ಹಾಳೆಯಲ್ಲಿ ಎಲ್ಲೋ ದೂರದ ಎರಡು ದೇಶಗಳ ಯುದ್ಧ ಮುಗಿದ ಸುದ್ದಿ ಇತ್ತು, ಒಬ್ಬ ಕ್ರಿಕೆಟ್ ಆಟಗಾರನ ಜನನವಿತ್ತು. ಮೂರನೆಯವನಾಗಿ ನನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದು ಅವ್ವನಿಗೆ ತೋರಿಸಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಿರುಗಿಯೂ ನೋಡದೆ ಅಂದಳು: “ಅವತ್ತ ಯುದ್ಧ ಎಲ್ಲಿ ಮುಗೀತಲೇ? ನಮ್ಮನ್ಯಾಗ ಅವತ್ತ ಸುರು ಆತು.”

ಸಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ದಿನವಿಶೇಷ ಓದುವ ಪದ್ಧತಿ ಇತ್ತು. ನಮ್ಮ ಹೆಡ್‌ಮಾಸ್ತರರ ಮಾತು ಬಾಯಿಯಿಂದ ಹೊರಟರೂ ಮೂಗಿನಲ್ಲಿ ಒಂದು ಗಳಿಗೆ ನಿಂತು ವಿಶ್ರಾಂತಿ ತೆಗೆದುಕೊಂಡೇ ಮುಂದೆ ಬರುತ್ತಿತ್ತು. ನನ್ನ ಸರದಿ ಬಂದ ದಿನ, ಇಡೀ ದಿನವಿಶೇಷವನ್ನು ನಾನು ಅದೇ ಮೂಗಿನಿಂದ ಓದಿದೆ. ಸಾಲಾಗಿ ನಿಂತ ಹುಡುಗರು ನಗು ತಡೆಯಲು ಅಂಗಿಯ ಕಾಲರು ಕಚ್ಚಿಕೊಂಡರು. ಕನ್ನಡ ಕಲಿಸುವ ಅಕ್ಕಾವರು ಆಕಾಶ ನೋಡಿದರು. ಮಾಸ್ತರರು ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿ, ಕೊನೆಗೆ ನನ್ನ ಹೆಗಲ ಮೇಲೆ ಕೈಯಿಟ್ಟು, “ದನಿ ಛಲೋ ಐತಿ. ಯಾರ್ದದು?” ಎಂದರು. ಅಂದಿನಿಂದ ಆ ಕೆಲಸ ನನಗೇ ಕಾಯಂ ಆಯಿತು. ಅವರ ದನಿಯಲ್ಲೇ ಅವರಿಗೆ ಜಗತ್ತಿನ ಇತಿಹಾಸ ಹೇಳಿಕೊಡುತ್ತ ನಾನು ಏಳನೇ ಇಯತ್ತೆ ದಾಟಿದೆ.

ಆ ಮಾಸ್ತರರು ಇತಿಹಾಸ ಓದಿಸುತ್ತಿದ್ದರು ಅನ್ನುವುದಕ್ಕಿಂತ ಮಾಡುತ್ತಿದ್ದರು ಅನ್ನಬೇಕು. ನಮ್ಮೂರಿನವರಿಗೆ ಹುಟ್ಟಿದ ದಿನ ಕೊಡುತ್ತಿದ್ದವರು ಅವರು, ಅವರಿಗಿಂತ ಮೊದಲು ಅವರಂಥವರೇ ಇನ್ನೊಬ್ಬರು. ಹುಡುಗನನ್ನು ಕರೆತಂದರೆ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುವುದು. ಮುಟ್ಟಿದರೆ ವಯಸ್ಸು ಆಗಿದೆ. ಬರೆ, ಜೂನ್ ಒಂದು. ಹೀಗೆ ನಮ್ಮಪ್ಪ, ಅವನ ಇಬ್ಬರು ತಮ್ಮಂದಿರು, ಒಬ್ಬಳೇ ತಂಗಿ, ಎಲ್ಲರೂ ಬೇರೆ ಬೇರೆ ವರ್ಷದ ಜೂನ್ ಒಂದರಂದೇ ಶಿಸ್ತಾಗಿ ಹುಟ್ಟಿದ್ದಾರೆ. ಅಪ್ಪ ಹುಟ್ಟಿದ್ದು ಸಜ್ಜೆಯ ರಾಶಿ ಮಾಡುವಾಗ ಎಂದು ನಮ್ಮಜ್ಜಿ ಸಾಯುವತನಕ ವಾದಿಸಿದಳು, ಕಾಗದ ಒಪ್ಪಲಿಲ್ಲ. ನಮ್ಮ ಕಡೆ ಜೂನ್ ಒಂದರಂದು ಹುಟ್ಟಿದವರೆಲ್ಲ ಒಂದೇ ಸಲ ಮೋಂಬತ್ತಿ ಊದಿದರೆ ಭೂತನಾಳ ಕೆರೆಯಲ್ಲಿ ತೆರೆ ಏಳುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಇಂಥ ಹುಡುಗ ದೊಡ್ಡವನಾದ ಮೇಲೆ ಮತ್ತೆಲ್ಲಿ ಕೆಲಸಕ್ಕೆ ಸೇರಲು ಸಾಧ್ಯ? ಸೊಲ್ಲಾಪುರ ರಸ್ತೆಯ ಫ್ಲೆಕ್ಸ್ ಅಂಗಡಿಗೆ ಸೇರಿದೆ. ಊರಿನ ಹುಟ್ಟು ಸಾವುಗಳೆಲ್ಲ ಹಾದುಹೋಗುವ ಜಾಗ ಅದು. ಮಾಲಕರು ರಾಚಣ್ಣ. ಮಿತಭಾಷಿ. ಅವರ ದನಿಯನ್ನು ಅನುಕರಿಸಲು ನನಗೆ ಎರಡು ವರ್ಷ ಬೇಕಾಯಿತು, ಯಾಕೆಂದರೆ ಅವರು ಮಾತಾಡಿದ್ದೇ ಅಷ್ಟು ಕಡಿಮೆ. ಅವರದೊಂದು ಕೆಲಸದ ರೀತಿ ಇತ್ತು, ಇವತ್ತಿಗೂ ಇದೆ. ಕಂಪ್ಯೂಟರಿನಲ್ಲಿ ಗಿರಾಕಿಯ ಹೆಸರಿನಿಂದಲೋ ಊರಿನಿಂದಲೋ ಕೆಲಸ ಜೋಡಿಸಿಡುವುದಿಲ್ಲ. ತಾರೀಖಿನಿಂದ ಜೋಡಿಸುತ್ತಾರೆ. ಯಾವ ದಿನ ಕಟ್ಟಬೇಕೋ ಆ ದಿನದ ಫೋಲ್ಡರು. ಹೆಸರು ನೂರು ಮಂದಿಗೆ ಒಂದೇ ಇರುತ್ತದೆ, ದಿನ ತಪ್ಪಿದರೆ ಫ್ಲೆಕ್ಸು ಬಣವೆಗೆ ಹೊದಿಸಲಷ್ಟೇ ಬರುತ್ತದೆ ಎನ್ನುವುದು ಅವರ ಲೆಕ್ಕಾಚಾರ. ಅದು ಸರಿಯೇ. ಹಾಗಾಗಿ ಒಂದು ತಾರೀಖನ್ನು ತೆರೆದರೆ ಒಳಗೆ ಒಬ್ಬ ಪುಢಾರಿಯ ಹುಟ್ಟುಹಬ್ಬ, ಒಬ್ಬ ಶರಣರ ಜಯಂತಿ, ಒಂದು ಬೀಜ ಗೊಬ್ಬರದ ಅಂಗಡಿಯ ಉದ್ಘಾಟನೆ, ಯಾರದೋ ತಂದೆಯ ಪುಣ್ಯಸ್ಮರಣೆ, ಎಲ್ಲ ಒಟ್ಟಿಗೆ ಕಾಲು ಚಾಚಿ ಮಲಗಿರುತ್ತಿದ್ದವು. ನನಗೆ ಸ್ವರ್ಗ. ಇರುವೆ ಸಾಲು ಇಲ್ಲಿ ಆನೆ ಗಾತ್ರಕ್ಕೆ ಬೆಳೆದಿತ್ತು.

ಹಿಂದೆ ಹಾಕುವ ಚಿತ್ರಗಳು ಮಾತ್ರ ಮೊದಲೇ ತಯಾರಾಗಿರುತ್ತವೆ. ಒಂದು ಕೇಕಿನದು, ಒಂದು ದೀಪದ್ದು. ಗಿರಾಕಿಯ ಫೋಟೋ, ಹೆಸರು, ಊರು ಇಷ್ಟನ್ನು ಒಂದು ಕಟ್ಟು ಮಾಡಿ, ಎತ್ತಿ, ಆ ಚಿತ್ರದ ಮೇಲೆ ಕೂರಿಸಿದರೆ ಮುಗಿಯಿತು. ಹೀಗಾಗಿ ನಮ್ಮ ಅಂಗಡಿಯ ಭಾಷೆಯಲ್ಲಿ ಲೋಕದ ಜನ ಎರಡೇ ಬಗೆ: ಕೇಕಿನವರು, ದೀಪದವರು. ದಿನಾ ಬೆಳಿಗ್ಗೆ ಚಹಾ ಬಂದ ಮೇಲೆ ನಾನು ಆ ದಿನದ ಫೋಲ್ಡರು ತೆಗೆದು, ಬಸ್‌ಸ್ಟ್ಯಾಂಡಿನ ಧ್ವನಿವರ್ಧಕದ ಹೆಣ್ಣುದನಿಯಲ್ಲಿ ಸಾರುತ್ತಿದ್ದೆ. ಪ್ರಯಾಣಿಕರ ಗಮನಕ್ಕೆ, ಇಂದು ಹುಟ್ಟಿದವರು ಎರಡನೇ ಪ್ಲಾಟ್‌ಫಾರ್ಮಿನಲ್ಲಿದ್ದಾರೆ, ಹೊರಟುಹೋದವರು ಮೂರನೆಯದರಲ್ಲಿದ್ದಾರೆ, ಇತಿಹಾಸದಲ್ಲಿ ಈ ದಿನ ಮುಳುಗಿದ ಹಡಗು ತಡವಾಗಿ ಬರಲಿದೆ, ಹೀಗೆ. ರಾಚಣ್ಣ ನಗುತ್ತಿರಲಿಲ್ಲ, ಆದರೆ ಅವರ ಲೋಟದ ಚಹಾ ಅಲುಗುತ್ತಿತ್ತು.

ಆ ತಾರೀಖಿಗೆ ಬಂದ ಮೊದಲ ಗಿರಾಕಿ ತಿಕೋಟಾದ ಸಿದ್ರಾಮಣ್ಣ. ದ್ರಾಕ್ಷಿ ತೋಟವಿದೆ, ಒಣದ್ರಾಕ್ಷಿಯ ವ್ಯಾಪಾರವಿದೆ. ಹಿಂದೆ ಒಂದು ಸಲ ಪಂಚಾಯತಿ ಮೆಂಬರ್ ಆಗಿದ್ದವರು, ಮುಂದೆ ಇನ್ನೊಂದು ಸಲ ಆಗಬೇಕೆಂದಿರುವವರು. ನಡುವಿನ ಕಾಲವನ್ನು ಬಿಳಿ ಅಂಗಿಯಲ್ಲಿ ಕಳೆಯುತ್ತಿದ್ದಾರೆ. ಯಾರ ಜಯಂತಿ ಎಲ್ಲೇ ಇರಲಿ, ಭಾವಚಿತ್ರಕ್ಕೆ ಹಾರ ಹಾಕುವ ಕೈಗಳಲ್ಲಿ ಅವರದೊಂದು ಇರುತ್ತದೆ. ನೀರು ಕೇಳಿದರೂ ‘ಈ ಶುಭ ಸಂದರ್ಭದಾಗ’ ಎಂದು ಸುರು ಮಾಡುವ ಮನುಷ್ಯ. ಆದರೆ ಒಳ್ಳೆಯವರು ನೋಡಿ. ನಮಗೆಲ್ಲ ಒಂದೊಂದು ಹಿಡಿ ಒಣದ್ರಾಕ್ಷಿ ಹಂಚಿದ ಮೇಲೆಯೇ ಕೆಲಸ ಹೇಳಿದರು. ಕಪ್ಪು ಕನ್ನಡಕ ಇರಬೇಕು, ಕಿವಿಗೆ ಫೋನು ಇರಬೇಕು, ಸುತ್ತ ಹಿತೈಷಿಗಳ ತಲೆಗಳು ಇರಬೇಕು. ತನ್ನ ದಿನದಂದೇ ಇನ್ನೂ ಯಾರು ಯಾರು ಹುಟ್ಟಿದ್ದಾರೆ ಎಂದೂ ವಿಚಾರಿಸಿದರು. ನಾನು ಒಬ್ಬ ರಾಜನನ್ನೂ ಒಬ್ಬ ಸಿನಿಮಾ ತಾರೆಯನ್ನೂ ಕೊಟ್ಟೆ. ಅವರು ಅಂಗಿಯ ಕಾಲರು ನೆಟ್ಟಗೆ ಮಾಡಿಕೊಂಡು, ಆ ಸಾಲಿನಲ್ಲಿ ತನ್ನದೂ ಒಂದು ಬಂದರೆ ಊರಿಗೆ ಮರ್ಯಾದೆ ಅಲ್ಲವೇ ಎಂದು ಕೇಳಿದರು. ಹೌದು ಅಂದೆ. ಹೌದು ಅನ್ನುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಅದೇ ದಿನ ಮಧ್ಯಾಹ್ನ ಬಬಲೇಶ್ವರದ ಬಸ್ಸಿಳಿದು ಗೌರವ್ವ ಬಂದಳು. ನಮ್ಮವ್ವನ ವಯಸ್ಸಿರಬಹುದು. ಸೆರಗಿನ ಒಳಗಿಂದ ಒಂದು ಫೋಟೋ ತೆಗೆದಳು. ಯಾರದೋ ಮದುವೆಯ ಗುಂಪು ಚಿತ್ರ. ನಡುವೆ ಮದುಮಕ್ಕಳು, ಸುತ್ತ ಬೀಗರು. ಬಲತುದಿಯಲ್ಲಿ, ಚೌಕಟ್ಟಿನಿಂದ ಇನ್ನೇನು ಹೊರಗೆ ಹೋಗಲಿದ್ದವರ ಹಾಗೆ, ಸಾರಿನ ಬಕೆಟ್ ಹಿಡಿದ ಒಬ್ಬ ತೆಳ್ಳನೆಯ ಮನುಷ್ಯ; ಯಾರೋ ಕರೆದದ್ದಕ್ಕೆ ಹಿಂದಿರುಗಿ ನೋಡಿದ್ದಾರೆ. ಅವರೇ ಅವಳ ಗಂಡ ಭೀಮಪ್ಪ. ಕೂಲಿ ಮಾಡಿ ಬದುಕಿದವರು. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಕರೆಯುವ ಮೊದಲೇ ಹೋಗಿ ಬಡಿಸಲು ನಿಲ್ಲುತ್ತಿದ್ದರಂತೆ. ಎಲ್ಲರ ಮದುವೆಯ ಫೋಟೋದಲ್ಲಿಯೂ ಅವರ ಒಂದು ಮೊಣಕೈಯೋ, ಬಕೆಟ್ಟಿನ ಹಿಡಿಯೋ ಇದೆ. ಮುಖ ಸಿಕ್ಕಿದ್ದು ಇದೊಂದರಲ್ಲಿ. ಹೋಗಿ ಒಂದು ವರ್ಷ ತುಂಬುತ್ತದೆ, ಒಂದು ಫ್ಲೆಕ್ಸು ಆಗಬೇಕು ಎಂದಳು.

ನಾನು ಫೋಟೋವನ್ನು ಕಂಪ್ಯೂಟರಿಗೆ ಏರಿಸಿ, ಬೀಗರನ್ನೆಲ್ಲ ಒರೆಸಿಹಾಕಿ, ಭೀಮಪ್ಪನವರನ್ನು ನಡುವೆ ತಂದೆ. ಬಕೆಟ್ಟನ್ನು ಅಳಿಸಲು ಹೊರಟಾಗ ಹಿಂದಿನಿಂದ ನನ್ನ ಹೆಗಲು ಮುಟ್ಟಿದಳು.

“ಬಕೀಟ ತಗೀಬ್ಯಾಡ ತಮ್ಮಾ. ತಗದ್ರ ಅವರು ಅವರಂಗ ಕಾಣೂದಿಲ್ಲ.”

ಬಿಟ್ಟೆ. ದೀಪದ ಚಿತ್ರದಲ್ಲಿ ಜನನ, ಮರಣ ಎಂದು ಎರಡು ಜಾಗವಿರುತ್ತದೆ. ಜನನ ಯಾವಾಗ ಎಂದು ಕೇಳಿದೆ. ಗೊತ್ತಿಲ್ಲವೆಂದಳು. ಸಾಲೆಗೆ ಹೋದವರಲ್ಲವಾದ್ದರಿಂದ ಭೀಮಪ್ಪನವರಿಗೆ ಜೂನ್ ಒಂದೂ ಸಿಕ್ಕಿರಲಿಲ್ಲ. ಹೋದದ್ದಷ್ಟೇ ಗೊತ್ತು. ಒಂದೇ ಇಟ್ಟರೆ ಅರೆಬರೆ ಕಾಣುತ್ತದೆಂದು ಎರಡೂ ಜಾಗ ತೆಗೆದು ಬರೀ ಹೆಸರು, ಊರು ಇಟ್ಟೆ. ಅವಳ ಮುಖ ಸಪ್ಪಗಾದದ್ದು ಕಂಡು ಸಮಾಧಾನ ಮಾಡುವುದು ಬಿಟ್ಟು ನನ್ನ ಬಾಯಿ ತನ್ನ ಕೆಲಸಕ್ಕೆ ಇಳಿಯಿತು. ನಿಮ್ಮ ಮನೆಯವರು ಹೋದ ದಿನ ಸಣ್ಣ ದಿನವಲ್ಲ ಯವ್ವಾ, ಅವತ್ತು ಒಬ್ಬ ರಾಜ ಹುಟ್ಟಿದ್ದ, ಒಂದು ಸಾಮ್ರಾಜ್ಯ ಮುಳುಗಿತ್ತು, ಒಬ್ಬ ತಾರೆ ಹುಟ್ಟಿದ್ದಳು ಎಂದು ನಮ್ಮ ಹೆಡ್‌ಮಾಸ್ತರರ ದನಿಯಲ್ಲಿ ಪಟ್ಟಿ ಒಪ್ಪಿಸಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, “ಇವರು ಹೋದದ್ದೂ ಅದರಾಗ ಬರತೈತೇನ್ ತಮ್ಮಾ?” ಎಂದಳು.

ದೊಡ್ಡ ಮಂದಿಯದು ಅಷ್ಟೇ ಬರುತ್ತದೆ ಎಂದೆ. ಎಷ್ಟು ಸಲೀಸಾಗಿ ಅಂದೆನೆಂದರೆ, ಇವತ್ತು ಆ ಮಾತನ್ನು ಯಾರ ದನಿಯಲ್ಲಿ ಅನುಕರಿಸಿ ನೋಡಿದರೂ ಅದು ನನ್ನದೇ ದನಿ ಅನ್ನಿಸುತ್ತದೆ.

ಅವಳು ಸಿಟ್ಟಾಗಲಿಲ್ಲ. ಹಾಗಾದರೆ ಇದನ್ನೇ ಚೆನ್ನಾಗಿ ಮಾಡಿಕೊಡು ಎಂದಳು. “ಒಂದ ದಿನಾ ಅಗಸ್ಯಾಗ ಅವರ ಮಾರಿ ಇರ್ಲಿ. ಹೋಗಾವ್ರು ಬರಾವ್ರು ಒಂದೀಟ ನಿಂತು ನೋಡ್ಲಿ. ಅವರ ಕಡೆ ಯಾರೂ ನಿಂತು ನೋಡಿದ್ದೇ ಇಲ್ಲ.” ಅಗಸಿ ಅಂದರೆ ಊರಬಾಗಿಲು, ಊರಿಗೆ ಬರುವವರು, ಹೊಲಕ್ಕೆ ಹೋಗುವವರು ಎಲ್ಲ ಅದನ್ನು ಹಾಯ್ದೇ ಹೋಗಬೇಕು. ಆಗಲಿ ಎಂದು ಮಾತು ಕೊಟ್ಟೆ.

ಮಾತು ಕೊಟ್ಟ ನನ್ನ ಕೈ ತಪ್ಪಿದ್ದು ಆ ತಾರೀಖಿನ ಹಿಂದಿನ ದಿನ, ಸಂಜೆಯ ಮುಂದೆ. ಫೋಲ್ಡರಿನಲ್ಲಿ ಎರಡು ಕಟ್ಟು ಅಕ್ಕಪಕ್ಕ ಇದ್ದವು, ಎರಡು ಚಿತ್ರ ಅಕ್ಕಪಕ್ಕ ಇದ್ದವು. ನಾನು ಪಕ್ಕದ ಅಂಗಡಿಯಿಂದ ಬಂದಿದ್ದ ನಾಲ್ವರು ಗೆಳೆಯರಿಗೆ ಸಿದ್ರಾಮಣ್ಣ ಹಾರ ಹಾಕುವ ವೈಖರಿಯನ್ನು ಮಾಡಿ ತೋರಿಸುತ್ತಿದ್ದೆ. ಹಾರವನ್ನು ಎರಡೂ ಕೈಯಲ್ಲಿ ಎತ್ತಿ, ಎದುರಿಗಿರುವ ಫೋಟೋ ಯಾರದು ಎಂಬುದಕ್ಕಿಂತ ಫೋಟೋಗ್ರಾಫರ್ ಬಂದಿದ್ದಾನೋ ಇಲ್ಲವೋ ನೋಡುವ ಆ ಕಳ್ಳನೋಟ. ಗೆಳೆಯರು ಬಿದ್ದು ಬಿದ್ದು ನಕ್ಕರು. ಹಾರ ಮನಸ್ಸಿನಲ್ಲಿದ್ದದ್ದಕ್ಕೋ ಏನೋ, ಸಿದ್ರಾಮಣ್ಣನವರನ್ನು ಎತ್ತಿ ಹಾರದ ಕೆಳಗೆ, ದೀಪಗಳ ನಡುವೆ ಕೂರಿಸಿದೆ. ಉಳಿದ ಚಿತ್ರ ಕೇಕಿನದು. ಉಳಿದ ಮನುಷ್ಯ ಭೀಮಪ್ಪ. ಯಂತ್ರ ಎರಡನ್ನೂ ಉಗುಳಿತು. ಒಣಗಿದ ಮೇಲೆ ಬೆನ್ನು ಹೊರಗೆ ಮಾಡಿ ಸುತ್ತಿ, ಒಂದನ್ನು ತಿಕೋಟಾದ ಬಸ್ಸಿಗೂ ಒಂದನ್ನು ಬಬಲೇಶ್ವರದ ಬಸ್ಸಿಗೂ ಹಾಕಿ ಮನೆಗೆ ಹೋಗಿ ಗಡದ್ದಾಗಿ ಉಂಡೆ.

ಮರುದಿನ ಬೆಳಿಗ್ಗೆ ಎರಡನೇ ಪ್ಲಾಟ್‌ಫಾರ್ಮಿನವರನ್ನು ಸಾರಿ ಮುಗಿಸುತ್ತಿದ್ದಾಗ ಫೋನು ಬಂತು. ದನಿ ಸಿದ್ರಾಮಣ್ಣನವರದೇ. ಆದರೆ ಶುಭ ಸಂದರ್ಭ ಇರಲಿಲ್ಲ.

“ತಮ್ಮಾ, ನಾ ತೀರಕೊಂಡಾಂವ ಮಾತಾಡಾಕತ್ತೇನಿ.”

ನಾನು ನಕ್ಕೆ. ಆಮೇಲೆ ಫೋಲ್ಡರಿನೊಳಗಿನ ಚಿತ್ರ ತೆರೆದು ನೋಡಿ ನಗು ನಿಲ್ಲಿಸಿದೆ. ತಿಕೋಟಾದಲ್ಲಿ ದೀಪ ಇದ್ದರೆ ಬಬಲೇಶ್ವರದಲ್ಲಿ ಏನಿರಬೇಕು ಎಂದು ಆಗ ಹೊಳೆಯಿತು. ಸಿದ್ರಾಮಣ್ಣ ಬೈಯಬಹುದು, ಬೈದರೆ ಬೈಸಿಕೊಳ್ಳೋಣ. ಆದರೆ ಒಂದೇ ಒಂದು ದಿನ ಕೇಳಿಕೊಂಡು ಹೋದವಳ ಆ ಒಂದು ದಿನವನ್ನು ನಾನು ಬಲೂನು ಕಟ್ಟಿ ಹಾರಿಸಿಬಿಟ್ಟಿದ್ದೆ. ರಾಚಣ್ಣ ಏನೂ ಅನ್ನದೆ ಎರಡನ್ನೂ ಸರಿಯಾಗಿ ಮತ್ತೆ ಮುದ್ರಿಸಿ, ಸುತ್ತಿ, ನನ್ನ ಕೈಗಿಟ್ಟು, ಬಾಗಿಲು ತೋರಿಸಿದರು. ಅವರನ್ನು ಅನುಕರಿಸುವುದು ಎಷ್ಟು ಕಷ್ಟ ಎಂದು ಇದಕ್ಕೇ ಹೇಳಿದ್ದು.

ಮೋಟರ್‌ಸೈಕಲ್ಲಿನಲ್ಲಿ ಮೊದಲು ತಿಕೋಟಾಕ್ಕೆ ಹೋದೆ. ಸಿದ್ರಾಮಣ್ಣ ಹೊಸ ಬಿಳಿ ಅಂಗಿ ತೊಟ್ಟು ಮನೆಯ ಮುಂದಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಎದುರಿಗೆ ಅವರಿಗಾಗಿಯೇ ಬಂದ ನಾಲ್ಕಾರು ಹಾರಗಳು ಬಿದ್ದಿದ್ದವು. ಫ್ಲೆಕ್ಸು ಕಟ್ಟಿದ ಬೆಂಬಲಿಗರನ್ನು ಕೇಳಿದರೆ, ಕತ್ತಲಲ್ಲಿ ಅಕ್ಷರ ಓದಲಿಲ್ಲ, ಹಾರ ಇದೆ, ದೀಪ ಇದೆ, ದೊಡ್ಡವರ ಫೋಟೋ ಎಲ್ಲ ಹೀಗೇ ಇರುತ್ತದಲ್ಲ, ಈ ಸಲ ಸಾಹೇಬರು ಜೋರಾಗಿ ಮಾಡಿಸಿದ್ದಾರೆ ಅಂದುಕೊಂಡೆವು ಎಂದರಂತೆ. ಬಸ್ಸಿನಲ್ಲಿ ಹಾದುಹೋದ ಯಾರೋ ನೋಡಿ ಹೇಳಿ, ಪಕ್ಕದ ಊರಿನ ಅವರ ಅಕ್ಕ ಅಳುತ್ತ ಓಡಿಬಂದಿದ್ದಳು. ತಮ್ಮ ಹಲ್ಲುಜ್ಜುತ್ತ ನಿಂತದ್ದು ಕಂಡು, ಅಳು ನಿಲ್ಲಿಸಿ, ಕೈಗೆ ಸಿಕ್ಕ ಚೊಂಬಿನಿಂದ ಹೊಡೆದಿದ್ದಳು. ಇನ್ನೂ ಒಂದು ಸಂಗತಿಯನ್ನು ಸಿದ್ರಾಮಣ್ಣ ದನಿ ತಗ್ಗಿಸಿ ಹೇಳಿದರು. ಕಳೆದ ಚುನಾವಣೆಯಲ್ಲಿ ಅವರನ್ನು ಸೋಲಿಸಿದವನು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಊರಿಗೆ ಇದ್ದವನೊಬ್ಬ ಒಳ್ಳೆಯ ಮನುಷ್ಯ ಹೋದ ಎಂದು ಕಣ್ಣೊರೆಸಿಕೊಂಡನಂತೆ. ಬೈಯಲೆಂದು ಕೂಡಿಟ್ಟ ಮಾತನ್ನೆಲ್ಲ ಆ ಒಂದು ಸುದ್ದಿ ಕರಗಿಸಿಬಿಟ್ಟಿತ್ತು. ನಾನು ತಂದ ಕೇಕಿನ ಫ್ಲೆಕ್ಸು ಕಟ್ಟಿಸಿ, ದೀಪದ್ದನ್ನು ತಾನೇ ನೀಟಾಗಿ ಸುತ್ತಿ ಮಗನ ಕೈಗೆ ಕೊಟ್ಟರು. “ಒಳಗ ಇಡು. ಮುಂದ ಬೇಕಾಗತೈತಿ.”

ಬಬಲೇಶ್ವರದ ಸುದ್ದಿ ಹೇಳಿದಾಗ ಮ್ಲಾನರಾದರು. ಒಬ್ಬನೇ ಹೋದರೆ ನಿನ್ನನ್ನು ಅಗಸಿಗೇ ಕಟ್ಟುತ್ತಾರೆ, ಮಾತಾಡುವವರು ಒಬ್ಬರು ಜೊತೆಗಿರಲಿ ಎಂದು ಹುಟ್ಟುಹಬ್ಬವನ್ನು ಅಷ್ಟಕ್ಕೇ ಬಿಟ್ಟು ನನ್ನ ಹಿಂದೆ ಹತ್ತಿ ಕೂತರು. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು, ಒಣಗಿಸುವ ಶೆಡ್ಡುಗಳು. ಅವರು ಅಲ್ಲಿ ಏನು ಮಾತಾಡಬೇಕೆಂದು ನನ್ನ ಕಿವಿಯ ಹಿಂದೆಯೇ ಅಭ್ಯಾಸ ಮಾಡುತ್ತ ಬಂದರು. ಬೇರೆ ದಿನವಾಗಿದ್ದರೆ ನಾನು ಗಾಡಿ ಓಡಿಸುತ್ತಲೇ ಅವರನ್ನು ಅಣಕಿಸಿ ಅವರಿಗೇ ಕೇಳಿಸಿರುತ್ತಿದ್ದೆ. ಅವತ್ತು ಗಾಡಿಯನ್ನಷ್ಟೇ ಓಡಿಸಿದೆ. ಗೌರವ್ವ ಅಳುತ್ತಿರುತ್ತಾಳೋ, ಶಾಪ ಹಾಕುತ್ತಾಳೋ, ಇಲ್ಲಾ ನನ್ನನ್ನು ನೋಡಿ ಸುಮ್ಮನಿದ್ದುಬಿಡುತ್ತಾಳೋ. ಮೂರನೆಯದಕ್ಕೆ ಹೆಚ್ಚು ಹೆದರಿದ್ದೆ.

ಅಗಸಿಯಲ್ಲಿ ಜನ ತುಂಬಿದ್ದರು. ಮೇಲೆ ಭೀಮಪ್ಪ. ಕೆಂಪು, ಹಳದಿ ಬಲೂನುಗಳ ನಡುವೆ, ಅವರಷ್ಟೇ ಎತ್ತರದ ಕೇಕಿನ ಪಕ್ಕ, ಕೈಯಲ್ಲಿ ಬಕೆಟ್ ಹಿಡಿದು, ತನ್ನ ಹುಟ್ಟುಹಬ್ಬಕ್ಕೆ ತಾನೇ ಬಡಿಸಲು ಬಂದವರ ಹಾಗೆ ಹಿಂದಿರುಗಿ ನೋಡುತ್ತಿದ್ದರು. ಕಟ್ಟಿದ ಅಕ್ಕಪಕ್ಕದವರಿಗೆ ಅನುಮಾನ ಬಂದಿತ್ತಂತೆ. ಆದರೆ ಗೌರವ್ವನೇ ಹೇಳಿ ಮಾಡಿಸಿರಬಹುದು, ಗಂಡನನ್ನು ಕಳೆದುಕೊಂಡವಳನ್ನು ಏನೆಂದು ಕೇಳುವುದು ಎಂದು ಸುಮ್ಮನೆ ಕಟ್ಟಿದ್ದರು. ಬೆಳಿಗ್ಗೆ ಮೊದಲು ನಿಂತವರು ಹುಡುಗರು. ನಕ್ಕರು, ಫೋನಿನಲ್ಲಿ ಫೋಟೋ ಹೊಡೆದುಕೊಂಡರು. ನಗು ಕೇಳಿ ಹಿರಿಯರು ನಿಂತರು. ದೀಪದ ಫ್ಲೆಕ್ಸು ಆ ಅಗಸಿಗೆ ವಾರಕ್ಕೊಂದು ಬೀಳುತ್ತದೆ. ತಲೆಯೆತ್ತಿ ನೋಡುವವರು ಕಡಿಮೆ. ಇದೇನಪ್ಪ ವಿಚಿತ್ರ ಎಂದು ನಿಂತವರು ಮುಖ ಗುರುತಿಸಿದರು, ಬಕೆಟ್ ಗುರುತಿಸಿದರು. ಒಬ್ಬ ಮುದುಕ, ನನ್ನ ಮದುವೆಯಲ್ಲಿ ಬೇಡ ಬೇಡ ಅಂದರೂ ಎರಡನೇ ಸಲ ಸಾರು ಹಾಕಿದ್ದ ಮಾರಾಯ ಎಂದನಂತೆ. ಇನ್ನೊಬ್ಬ, ಎಲ್ಲರದೂ ಊಟವಾದ ಮೇಲೆ ಈತ ಎಲ್ಲಿ ಉಣ್ಣುತ್ತಿದ್ದನೋ ಯಾರೂ ನೋಡಲಿಲ್ಲ ಎಂದನಂತೆ. ನಗುತ್ತಿದ್ದ ಹುಡುಗರು ಫೋನು ಕಿಸೆಗೆ ಹಾಕಿದ್ದರು. ನಾವು ಹೋದಾಗ ಅಲ್ಲಿ ನಡೆದಿದ್ದದ್ದು ಇದೇ ಮಾತು.

ಗೌರವ್ವ ಕೆಳಗೆ ಕಲ್ಲಿನ ಮೇಲೆ ಕೂತಿದ್ದಳು. ನಾನು ಹೋಗಿ ಅವಳ ಕಾಲು ಮುಟ್ಟಿದೆ. ಏನೋ ಹೇಳಬೇಕೆಂದು ಬಾಯಿ ತೆರೆದೆ. ಹೆಡ್‌ಮಾಸ್ತರರದಲ್ಲ, ಬಸ್‌ಸ್ಟ್ಯಾಂಡಿನದಲ್ಲ, ಯಾರ ದನಿಯೂ ಸಹಾಯಕ್ಕೆ ಬರಲಿಲ್ಲ. ಕೈಯಲ್ಲಿದ್ದ ಸುರುಳಿಯನ್ನು ಬಿಚ್ಚಿ ಅವಳ ಮುಂದೆ ಹಿಡಿದೆ. ಎರಡು ದೀಪ, ಹಾರ, ಬಕೆಟ್ ಹಿಡಿದ ಭೀಮಪ್ಪ. ಎಲ್ಲ ಅವಳು ಹೇಳಿದ ಹಾಗೆಯೇ. ಅವಳು ಅದನ್ನು ನೋಡಿದಳು. ಮೇಲಿನದನ್ನು ನೋಡಿದಳು. ನಿಂತ ಮಂದಿಯನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೆಳಗಿನದನ್ನು ಸುತ್ತಿ ನನ್ನ ಕೈಗೇ ಕೊಟ್ಟಳು. ದೀಪ ಮನೆಯಲ್ಲಿ ಹಚ್ಚಿ ಬಂದಿದ್ದೇನೆ ಎಂದಳು ಮೆಲ್ಲಗೆ.

ಸಿದ್ರಾಮಣ್ಣನವರಿಗೆ ಅರ್ಥವಾಗಲಿಲ್ಲ. ಪಾಪ, ಜನರ ಮುಂದೆ ಸಂಕೋಚ ಪಡುತ್ತಿದ್ದಾಳೆ ಅಂದುಕೊಂಡು, ದಾರಿಯಲ್ಲಿ ಅಭ್ಯಾಸ ಮಾಡಿದ್ದನ್ನೆಲ್ಲ ಮರೆತು, ಬಿಳಿ ಅಂಗಿಯ ತೋಳೇರಿಸಿ ತಾವೇ ಹಗ್ಗ ಬಿಚ್ಚಲು ಮುಂದಾದರು.

“ಹುಡುಗ ತಪ್ಪ ಮಾಡ್ಯಾನ, ತಗಸಿಬಿಡೂಣ ಯಕ್ಕಾ. ಸತ್ತಾವ್ರಿಗೆ ಹುಟ್ಟಹಬ್ಬಾ ಎಲ್ಯಾರ ಮಾಡ್ತಾರೇನು?”

ಗೌರವ್ವ ಕೂತಲ್ಲಿಂದಲೇ ತಲೆಯೆತ್ತಿ ಅವರನ್ನು ನೋಡಿದಳು.

“ವರ್ಷಾ ವರ್ಷಾ ಹಾರಾ ಹಾಕಿ ಜಯಂತಿ ಮಾಡ್ತೀರಲ್ರಿ ಯಣ್ಣಾ, ಅವರೊಳಗ ಜೀವಂತ ಯಾರದಾರ?”